ಟ್ವೀಟರಿಗೆ ಯಾವ ಕೆಪಾಸಿಟರ್?

ಅಳಿಯ: ಮಾವ, ಒಂದು ವಿಷಯ ತಲೆಗೇ ಹೋಗ್ತಿಲ್ಲ. 6.8 ಮೈಕ್ರೋಫ್ಯಾರಡ್ ಕೆಪಾಸಿಟರ್ ಎಸ್‌ಪಿ ರೋಡಿನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತೆ. ಅದೇ 6.8, ಜರ್ಮನಿಯ ಮುಂಡೋರ್ಫ್ ಕಂಪನಿಯ ಬೆಳ್ಳಿ-ಬಂಗಾರದ, ಎಣ್ಣೆ ತುಂಬಿದ ಬಗೆಯದು ಬೇಕು ಅಂದ್ರೆ ಸಾವಿರಗಟ್ಟಲೆ. ಎರಡರ ಮೇಲೂ ಬರೆದಿರೋ ಅಳತೆ ಒಂದೇ. ಹಾಗಿದ್ರೆ ಆ ದುಡ್ಡು ಯಾತಕ್ಕೆ?

ಮಾವ: ದುಡ್ಡಿನ ಮಾತು ಕೊನೆಗಿರಲಿ. ನಿನ್ನ ಸ್ಪೀಕರ್ ಬಿಚ್ಚಿದ್ಯಲ್ಲ, ಒಳಗಿನ ಕ್ರಾಸ್‌ಓವರ್ ಬೋರ್ಡಿನಲ್ಲಿ ಎಷ್ಟು ಕೆಪಾಸಿಟರ್ ಇವೆ?

ಅಳಿಯ: ಮೂರು. 6.8ದು ಟ್ವೀಟರಿಗೆ ಹೋಗೋ ದಾರಿಯಲ್ಲೇ ಸರಣಿಯಾಗಿ ಕೂತಿದೆ. 15ರದ್ದು ಕಾಯಿಲ್ ದಾಟಿದ ಮೇಲೆ ವೂಫರಿಗೆ ಅಡ್ಡಲಾಗಿದೆ. ಮೂರನೇದು 10ರದ್ದು, 8.2 ಓಮ್ ರೆಸಿಸ್ಟರ್ ಜೊತೆ ಸೇರಿ ಅದೂ ವೂಫರಿಗೆ ಅಡ್ಡಲಾಗೇ ಇದೆ. ಮೂರೂ ಎಲೆಕ್ಟ್ರೋಲಿಟಿಕ್. ಮೈಮೇಲೆ ‘ನಾನ್ ಪೋಲಾರ್’ ಅಂತ ಬರೆದಿದೆ.

ಮಾವ: ಮೂರಕ್ಕೂ ಕೆಲಸ ಬೇರೆ ಬೇರೆ. ಯಾವ ಕೆಪಾಸಿಟರ್ ಒಳ್ಳೇದು ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಯಾವ ಜಾಗಕ್ಕೆ ಯಾವುದು ಸಾಕು ಅಂತ ಕೇಳು, ಮೂರು ಉತ್ತರ ಕೊಡ್ತೀನಿ. ಮೊದಲು ಆ 6.8 ಎಲ್ಲಿಂದ ಬಂತು, ಅದನ್ನ ಹೇಳು.

ಅಳಿಯ: ಹಳೇದರ ಮೇಲೆ ಬರೆದಿತ್ತು, ಅಷ್ಟೇ.

ಮಾವ: ಅದನ್ನ ಅಲ್ಲಿಗೆ ಹಾಕಿದವನು ಲೆಕ್ಕ ಹಾಕಿರ್ತಾನಲ್ಲ. ಟ್ವೀಟರ್ 8 ಓಮಿಂದು, 3000 ಹರ್ಟ್ಸಿನಿಂದ ಮೇಲಕ್ಕೆ ಅದು ಹಾಡಬೇಕು ಅಂತಿಟ್ಕೊ. ಎರಡು ಪೈ, ಆವರ್ತಾಂಕ, ಓಮ್ ಮೂರನ್ನೂ ಗುಣಿಸಿ, 1ನ್ನು ಅದರಿಂದ ಭಾಗಿಸು.

ಅಳಿಯ: 6.63 ಬಂತು.

ಮಾವ: ಅಂಗಡಿಯಲ್ಲಿ ಸಿಗೋ ಹತ್ತಿರದ ಅಳತೆ 6.8. ಅದನ್ನ ಹಾಕಿದ್ರೆ ಗಡಿ 2926 ಹರ್ಟ್ಸಿಗೆ ಇಳಿಯುತ್ತೆ, ಅದರಿಂದ ನಷ್ಟ ಏನಿಲ್ಲ. ಟ್ವೀಟರ್ 4 ಓಮಿಂದಾಗಿದ್ರೆ 13.3 ಬೇಕಿತ್ತು. ಸರಣಿಯಲ್ಲಿ ಒಂದು ಕೆಪಾಸಿಟರ್ ಮಾತ್ರ ಇದ್ದಾಗಿನ ಲೆಕ್ಕ ಇದು. ಜೊತೆಗೆ ಒಂದು ಕಾಯಿಲ್ ಸೇರಿಸಿ ಎರಡನೇ ದರ್ಜೆಯ ಫಿಲ್ಟರ್ ಮಾಡಿದ್ರೆ ಅದೇ 8 ಓಮ್, ಅದೇ 3000 ಹರ್ಟ್ಸಿಗೆ ಬಟರ್‌ವರ್ತ್ ಲೆಕ್ಕದಲ್ಲಿ 4.7 ಬರುತ್ತೆ, ಲಿಂಕ್‌ವಿಟ್ಜ್-ರೈಲಿ ಲೆಕ್ಕದಲ್ಲಿ 3.3. ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ಇಬ್ಬರೂ ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ಎಂಜಿನಿಯರುಗಳಾಗಿದ್ದವರು. ಎರಡೂ ಡ್ರೈವರುಗಳ ದನಿ ಗಡಿಯಲ್ಲಿ ಉಬ್ಬು-ತಗ್ಗಿಲ್ಲದೆ ಕೂಡಬೇಕಾದ್ರೆ ಫಿಲ್ಟರ್ ಹೇಗಿರಬೇಕು ಅಂತ 1976ರಲ್ಲಿ ಲಿಂಕ್‌ವಿಟ್ಜ್ ಬರೆದರು. ಗಡಿಯ ಎರಡೂ ಕಡೆಯವರು ಒಂದೇ ಲೆಕ್ಕಕ್ಕೆ ಬದ್ಧರಾಗಿರಬೇಕು ಅನ್ನೋದು ಅದರ ತಿರುಳು. ಒಂದು ಕಡೆಯ ಅಳತೆ ಬದಲಾಯಿಸಿದ್ರೆ ಇನ್ನೊಂದು ಕಡೆಯ ಲೆಕ್ಕವೂ ಕೆಡುತ್ತೆ.

ಅಳಿಯ: ಅಂಗಡಿಯವರು 6.8 ಇಲ್ಲ, 10 ಹಾಕ್ಕೊಳ್ಳಿ, ಇನ್ನೂ ಚೆನ್ನಾಗಿ ಕೇಳುತ್ತೆ ಅಂದ್ರು.

ಮಾವ: ಜೋರಾಗಿ ಕೇಳುತ್ತೆ, ಎಷ್ಟು ದಿನ ಅನ್ನೋದು ಬೇರೆ ಮಾತು. ಸಾಮಾನ್ಯ ಡೋಮ್ ಟ್ವೀಟರಿನ ಸ್ವಂತ ಅನುರಣನ 1000 ಹರ್ಟ್ಸಿನ ಆಸುಪಾಸಿನಲ್ಲಿ ಇರುತ್ತೆ. ಅಲ್ಲಿ ಅದರ ಡೋಮ್ ತುಂಬ ಅಲ್ಲಾಡುತ್ತೆ, ಅಲ್ಲಿಗೆ ಹೆಚ್ಚು ಶಕ್ತಿ ಕಳಿಸಬಾರದು. 3000ಕ್ಕೆ ಗಡಿ ಹಾಕಿದ್ರೆ 1000 ಹರ್ಟ್ಸಿನಲ್ಲಿ 10 ಡೆಸಿಬೆಲ್ ಕಡಿಮೆಯಾಗುತ್ತೆ. 10 ಮೈಕ್ರೋಫ್ಯಾರಡ್ ಹಾಕಿದ್ರೆ ಗಡಿ 2000ಕ್ಕೆ ಜಾರುತ್ತೆ, ಅಲ್ಲಿ ಕಡಿಮೆಯಾಗೋದು 7 ಡೆಸಿಬೆಲ್ ಮಾತ್ರ. ಮೂರು ಡೆಸಿಬೆಲ್ ಅಂದ್ರೆ ಶಕ್ತಿ ಎರಡು ಪಟ್ಟು. ಇದು ಕೂಡ ಟ್ವೀಟರ್ ನಿಜವಾಗ್ಲೂ 8 ಓಮ್ ಅಂತ ನಂಬಿದ್ರೆ. ಅನುರಣನದ ಹತ್ತಿರ ಅದರ ಓಮ್ ಏರುತ್ತೆ, ಆಗ ಕೆಪಾಸಿಟರಿನ ತಡೆ ಇನ್ನೂ ಸಾಲದಾಗುತ್ತೆ. ಆದ್ದರಿಂದ ಮೊದಲ ನಿಯಮ: ಅಳತೆ ಸರಿಯಿರಬೇಕು. ಬ್ರ್ಯಾಂಡು, ಬಣ್ಣ, ಬಂಗಾರ ಎಲ್ಲ ಆಮೇಲೆ.

ಅಳಿಯ: ಹಳೇದನ್ನ ಮೀಟರಿಗೆ ಹಚ್ಚಿ ನೋಡಿದೆ. ಎಡಗಡೆ ಪೆಟ್ಟಿಗೆಯದು 6.1 ತೋರಿಸ್ತು, ಬಲಗಡೆಯದು 7.6.

ಮಾವ: ಒಂದು ಕಾಲು ಬೋರ್ಡಿನಿಂದ ಬಿಡಿಸಿ ಅಳೆದೆ ತಾನೇ? ಹಾಗೇ ಅಳೆದ್ರೆ ಟ್ವೀಟರ್, ಕಾಯಿಲ್ ಎಲ್ಲ ಸೇರಿ ಮೀಟರಿಗೆ ಸುಳ್ಳು ಹೇಳುತ್ತವೆ.

ಅಳಿಯ: ಬಿಡಿಸಿದ್ದೆ. ಎಲ್‌ಸಿಆರ್ ಮೀಟರಿನಲ್ಲಿ, 1000 ಹರ್ಟ್ಸಿಗೆ ಇಟ್ಟು.

ಮಾವ: ಭೇಷ್. ಈಗ ಒಂದು ತಮಾಷೆ ನೋಡು. ಹಳೇ ಎಲೆಕ್ಟ್ರೋಲಿಟಿಕ್ ಮೇಲೆ ಇಪ್ಪತ್ತು ಪರ್ಸೆಂಟ್ ಹೆಚ್ಚುಕಡಿಮೆ ಅಂತ ಬರೆದಿರುತ್ತೆ. 6.8ರ ಇಪ್ಪತ್ತು ಪರ್ಸೆಂಟ್ ಅಂದ್ರೆ 5.4ರಿಂದ 8.2ರವರೆಗೆ. ನಿನ್ನ ಎರಡೂ ಅದರೊಳಗೇ ಇವೆ, ಕಾಗದದ ಮೇಲೆ ಯಾವುದೂ ಕೆಟ್ಟಿಲ್ಲ. ಆದ್ರೆ ಎಡಕ್ಕೆ ಗಡಿ 3261ರಲ್ಲಿ, ಬಲಕ್ಕೆ 2618ರಲ್ಲಿ. 3000 ಹರ್ಟ್ಸಿನಲ್ಲಿ ಎರಡು ಟ್ವೀಟರುಗಳ ನಡುವೆ ಹತ್ತಿರ ಹತ್ತಿರ 1 ಡೆಸಿಬೆಲ್ ವ್ಯತ್ಯಾಸ.

ಅಳಿಯ: ಒಂದು ಡೆಸಿಬೆಲ್ ಯಾರಿಗೆ ಕೇಳುತ್ತೆ ಮಾವ?

ಮಾವ: ಒಂದೇ ಪೆಟ್ಟಿಗೆ ಇದ್ದಿದ್ರೆ ಕೇಳ್ತಿರಲಿಲ್ಲ. ಜೋಡಿಯಲ್ಲಿ ಗೊತ್ತಾಗುತ್ತೆ. ಗಾಯಕಿಯ ದನಿ ಎರಡು ಪೆಟ್ಟಿಗೆಗಳ ನಟ್ಟನಡುವೆ ನಿಲ್ಲಬೇಕು. ಎಡ-ಬಲ ಒಂದೇ ಸಮ ಇಲ್ಲದಿದ್ರೆ ಕೆಳಗಿನ ಸ್ವರ ನಡುವೆ ನಿಂತು, ಸಕಾರ-ಶಕಾರ ಬಲಕ್ಕೆ ವಾಲುತ್ತೆ. ಆದ್ದರಿಂದ ಎರಡನೇ ನಿಯಮ: ಬರೆದ ಅಳತೆಗೆ ಹತ್ತಿರ ಇರೋದು ಮುಖ್ಯ, ಅದಕ್ಕಿಂತ ಜೋಡಿ ಒಂದಕ್ಕೊಂದು ಹೊಂದಿಕೊಳ್ಳೋದು ಮುಖ್ಯ. ಐದು ಪರ್ಸೆಂಟಿನ ಫಿಲ್ಮ್ ಕೆಪಾಸಿಟರ್ ನಾಲ್ಕಾರು ತಂದು ಅಳೆದ್ರೆ ಒಂದು ಪರ್ಸೆಂಟಿಗೆ ಕೂಡೋ ಜೋಡಿ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತೆ. ಸಿಗದಿದ್ರೆ 4.7 ಮತ್ತು 2.2 ಸಮಾಂತರವಾಗಿ ಸೇರಿಸು, 6.9 ಆಯ್ತು.

ಅಳಿಯ: ಅಳತೆ ಸರಿ, ಜೋಡಿ ಸರಿ. ಹಾಗಾದ್ರೆ ಹೊಸ ಎಲೆಕ್ಟ್ರೋಲಿಟಿಕ್ಕೇ ಹಾಕಬಹುದಲ್ಲ? ಫಿಲ್ಮ್ ಯಾಕೆ?

ಮಾವ: ಎಲೆಕ್ಟ್ರೋಲಿಟಿಕ್ ಒಳಗೆ ಏನಿದೆ ನೋಡು. ಅಲ್ಯೂಮಿನಿಯಂ ಹಾಳೆಯ ಮೇಲೆ ಬೆಳೆಸಿದ ಆಕ್ಸೈಡಿನ ಪೊರೆ, ವೋಲ್ಟಿಗೆ ಒಂದೂವರೆ ನ್ಯಾನೊಮೀಟರ್ ಆಸುಪಾಸಿನ ದಪ್ಪ. ಅಷ್ಟು ತೆಳ್ಳಗಿರೋದರಿಂದಲೇ ಕೆಪಾಸಿಟರ್ ಚಿಕ್ಕದಾಗಿ, ಅಗ್ಗವಾಗಿ ಸಿಗೋದು. ಆ ಪೊರೆಗೆ ವಿದ್ಯುತ್ತನ್ನ ಮುಟ್ಟಿಸೋದು ಕಾಗದದಲ್ಲಿ ಹೀರಿಸಿದ ದ್ರವ. ಸಾಮಾನ್ಯ ಎಲೆಕ್ಟ್ರೋಲಿಟಿಕ್ ಉಲ್ಟಾ ವೋಲ್ಟೇಜ್ ತಡೆಯಲ್ಲ, ಸ್ಪೀಕರಿಗೆ ಹೋಗೋ ವೋಲ್ಟೇಜೋ ಕ್ಷಣಕ್ಷಣಕ್ಕೂ ದಿಕ್ಕು ಬದಲಾಯಿಸುತ್ತೆ. ಅದಕ್ಕೇ ಎರಡು ಹಾಳೆಗೂ ಪೊರೆ ಬೆಳೆಸಿ ನಾನ್ ಪೋಲಾರ್ ಮಾಡ್ತಾರೆ. ಆ ದ್ರವಕ್ಕೆ ತನ್ನದೇ ಓಮ್ ಇದೆ. ವರ್ಷ ಕಳೆದ ಹಾಗೆ ದ್ರವ ಒಣಗುತ್ತೆ, ಓಮ್ ಏರುತ್ತೆ, ಟ್ವೀಟರ್ ಮಂಕಾಗುತ್ತೆ. ಫಿಲ್ಮಿನಲ್ಲಿ ದ್ರವ ಇಲ್ಲ. ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಲೋಹದ ಲೇಪ. ಎಲ್ಲಾದರೂ ಒಂದು ಬಿಂದುವಿನಲ್ಲಿ ತೂತಾದ್ರೆ ಸುತ್ತಲಿನ ಲೋಹ ಆವಿಯಾಗಿ ಆ ಜಾಗ ತಾನೇ ಪ್ರತ್ಯೇಕವಾಗುತ್ತೆ, ಕೆಪಾಸಿಟರ್ ಕೆಲಸ ಮುಂದುವರಿಸುತ್ತೆ.

ಅಳಿಯ: ಆ ಓಮ್ ಎಷ್ಟು ಅಂತ ಲೆಕ್ಕಕ್ಕೆ ಸಿಗುತ್ತಾ?

ಮಾವ: ಸಿಗುತ್ತೆ. ಡೇಟಾಶೀಟಿನಲ್ಲಿ ‘ಟ್ಯಾನ್ ಡೆಲ್ಟಾ’ ಅಂತ ಒಂದು ಸಂಖ್ಯೆ ಕೊಟ್ಟಿರ್ತಾರೆ, ನಷ್ಟದ ಅಳತೆ ಅದು. 1000 ಹರ್ಟ್ಸಿನಲ್ಲಿ ಒಳ್ಳೇ ಪಾಲಿಪ್ರೊಪಿಲೀನ್ 0.0003ರ ಸುತ್ತಮುತ್ತ, ಪಾಲಿಯೆಸ್ಟರ್ 0.005, ಎಲೆಕ್ಟ್ರೋಲಿಟಿಕ್ 0.05 ಅಂತಿಟ್ಕೊ. 6.8 ಮೈಕ್ರೋಫ್ಯಾರಡಿಗೆ ಅಲ್ಲಿ 23.4 ಓಮ್ ಪ್ರತಿರೋಧ. ಅದರಿಂದ ಗುಣಿಸು.

ಅಳಿಯ: ಪಾಲಿಪ್ರೊಪಿಲೀನ್ ಅಂದ್ರೆ 0.007 ಓಮ್. ಪಾಲಿಯೆಸ್ಟರ್ 0.12. ಎಲೆಕ್ಟ್ರೋಲಿಟಿಕ್... 1.17! ಇದು ಟ್ವೀಟರಿನ ಮುಂದೆ ಒಂದು ರೆಸಿಸ್ಟರ್ ಕೂರಿಸಿದ ಹಾಗೇ ಆಯ್ತಲ್ಲ.

ಮಾವ: ಆವರ್ತಾಂಕ ಏರಿದ ಹಾಗೆ ಅದು ಸ್ವಲ್ಪ ಇಳಿಯುತ್ತೆ. ಅರ್ಧ ಓಮ್ ಉಳೀತು ಅಂದ್ಕೊಂಡ್ರೂ 8 ಓಮಿನ ಟ್ವೀಟರಿಗೆ ಅರ್ಧ ಡೆಸಿಬೆಲ್ ಕಡಿಮೆ. ಒಂದು ಸ್ವರಕ್ಕೆ ಅಲ್ಲ, ಟ್ವೀಟರ್ ಹಾಡೋ ಇಡೀ ಪಟ್ಟಿಗೆ. ಈಗ ನೀನು ಹಳೇ ಎಲೆಕ್ಟ್ರೋಲಿಟಿಕ್ ತೆಗೆದು ಪಾಲಿಪ್ರೊಪಿಲೀನ್ ಹಾಕಿದೆ ಅಂತಿಟ್ಕೊ. ಮೇಲಿನ ಪಟ್ಟಿ ಪೂರ್ತಿ ಅರ್ಧ ಡೆಸಿಬೆಲ್ ಎದ್ದು ಬಂತು. ಜನ ಏನಂತಾರೆ? ‘ಪರದೆ ಸರಿದ ಹಾಗಾಯ್ತು, ತಾಳದ ಝೇಂಕಾರ ಈಗ ಕೇಳ್ತಿದೆ’ ಅಂತಾರೆ.

ಅಳಿಯ: ಅದು ನಿಜವೇ ಅಲ್ವಾ? ಕೇಳ್ತಿದೆ ಅಂದ ಮೇಲೆ ಸುಧಾರಣೆಯೇ.

ಮಾವ: ಆ ಸ್ಪೀಕರ್ ಮಾಡಿದವನು ಎಲೆಕ್ಟ್ರೋಲಿಟಿಕ್ ಹಾಕಿಯೇ ಕೇಳಿ, ಅದರ ಅರ್ಧ ಓಮನ್ನೂ ಲೆಕ್ಕಕ್ಕೆ ಹಿಡಿದು ಟ್ವೀಟರನ್ನ ವೂಫರಿಗೆ ಹೊಂದಿಸಿದ್ರೆ? ಬೆಲ್ಲ ಹಾಕಿ ಹದ ಮಾಡಿದ ಸಾರಿನಿಂದ ಬೆಲ್ಲ ತೆಗೆದು, ಈಗ ಸಾರು ಶುದ್ಧವಾಯ್ತು ಅಂದ ಹಾಗೆ ಅದು. ಪಾಲಿಪ್ರೊಪಿಲೀನ್ ಹಾಕೋದಾದ್ರೆ ಜೊತೆಗೆ ಅರ್ಧ ಓಮಿನ ರೆಸಿಸ್ಟರ್ ಸರಣಿಯಲ್ಲಿ ಹಾಕು. ಆಗ ಮೂಲದ ಹದ ಉಳೀತು, ಕಾಲ ಕಳೆದ ಹಾಗೆ ಒಣಗೋ ಭಯ ಹೋಯ್ತು. ಆಮೇಲೆ ರೆಸಿಸ್ಟರ್ ತೆಗೆದು ಕೇಳು, ಹಾಕಿ ಕೇಳು. ಯಾವುದು ಇಷ್ಟವೋ ಅದು ಇರಲಿ. ಆದ್ರೆ ನಿನಗೆ ಇಷ್ಟವಾದದ್ದು ಅರ್ಧ ಡೆಸಿಬೆಲ್ ಅನ್ನೋದು ಗೊತ್ತಿರಲಿ.

ಅಳಿಯ: ಅಂದ್ರೆ ನೀವು ಹೇಳೋ ಪ್ರಕಾರ ಎಲ್ಲಾ ವ್ಯತ್ಯಾಸವೂ ಓಮು, ಡೆಸಿಬೆಲ್ಲು, ಇಷ್ಟರಲ್ಲೇ ಮುಗಿದುಹೋಯ್ತು. ನಂಗೆ ಒಪ್ಪಿಗೆ ಇಲ್ಲ. ಕೆಪಾಸಿಟರ್ ತಾನೇ ವಿರೂಪ ಹುಟ್ಟಿಸೋದೂ ಇರುತ್ತಲ್ಲ?

ಮಾವ: ಇರುತ್ತೆ. ಒಂದು ಪ್ರಶ್ನೆ ಕೇಳ್ತೀನಿ. ಮೃದಂಗದ ತೊಪ್ಪಿ ಗುಂ ಅಂದಾಗ ಆಂಪ್ಲಿಫೈಯರಿಂದ ದೊಡ್ಡ ವೋಲ್ಟೇಜ್ ಬರುತ್ತೆ. ಅದು ಟ್ವೀಟರಿಗೆ ಹೋಗಲ್ಲ. ಹಾಗಾದ್ರೆ ಎಲ್ಲಿ ಹೋಯ್ತು?

ಅಳಿಯ: ವೂಫರಿಗೆ.

ಮಾವ: ಅದು ವೂಫರಿನ ದಾರಿ. ಟ್ವೀಟರಿನ ದಾರಿಯಲ್ಲಿ?

ಅಳಿಯ: ...ಕೆಪಾಸಿಟರಿನ ಮೇಲೇ ಬಿತ್ತು. ಟ್ವೀಟರ್ ತಗೊಳ್ಳದ್ದನ್ನೆಲ್ಲ ಅದೇ ಹೊರಬೇಕು!

ಮಾವ: ಸರಿಯಾಗಿ ಹಿಡಿದೆ. 8 ಓಮಿಗೆ 100 ವ್ಯಾಟ್ ಅಂದ್ರೆ 28 ವೋಲ್ಟ್, ತುದಿಯಲ್ಲಿ 40. ಬಾಸಿನ ಆ ಏರಿಳಿತ ಪೂರ್ತಿ ಟ್ವೀಟರ್ ಕೆಪಾಸಿಟರಿನ ಮೇಲೆ ಕುಣಿಯುತ್ತೆ. ಅದರೊಳಗಿನ ಪದರ ವೋಲ್ಟೇಜಿಗೆ ತಕ್ಕ ಹಾಗೆ ಸ್ವಲ್ಪ ಬದಲಾಗೋ ಸ್ವಭಾವದ್ದಾದ್ರೆ, ಬಾಸಿನಿಂದ ಹುಟ್ಟಿದ ಉಪಸ್ವರಗಳು ನೇರವಾಗಿ ಟ್ವೀಟರಿಗೆ ಇಳಿಯುತ್ತವೆ, ಅಲ್ಲಿಂದ ಮುಂದೆ ತಡೆಯೋರು ಯಾರೂ ಇಲ್ಲ. ಸಿರಿಲ್ ಬೇಟ್‌ಮನ್ ಅನ್ನೋರು 2002ರಿಂದ ‘ಎಲೆಕ್ಟ್ರಾನಿಕ್ಸ್ ವರ್ಲ್ಡ್’ ಪತ್ರಿಕೆಯಲ್ಲಿ ಇದನ್ನೇ ಅಳೆದು ಲೇಖನಮಾಲೆ ಬರೆದರು. ಎಲೆಕ್ಟ್ರೋಲಿಟಿಕ್ಕುಗಳಲ್ಲಿ ನಾನ್ ಪೋಲಾರ್ ವಾಸಿ, ಪಾಲಿಯೆಸ್ಟರ್ ಇನ್ನೂ ಮೇಲು, ಪಾಲಿಪ್ರೊಪಿಲೀನಿನ ವಿರೂಪ ಅಳೆಯೋದೇ ಕಷ್ಟ ಅನ್ನುವಷ್ಟು ಕಡಿಮೆ. ಇವರಿಗಿಂತ ಮೊದಲು, 1980ರಲ್ಲಿ, ವಾಲ್ಟರ್ ಜಂಗ್ ಮತ್ತು ರಿಚರ್ಡ್ ಮಾರ್ಷ್ ‘ಆಡಿಯೊ’ ಪತ್ರಿಕೆಯಲ್ಲಿ ಎರಡು ಕಂತಿನ ಲೇಖನ ಬರೆದು ಈ ಚರ್ಚೆಗೆ ಬೆಂಕಿ ಹಚ್ಚಿದ್ರು. ಅಲ್ಲಿವರೆಗೆ ಕೆಪಾಸಿಟರಿನೊಳಗಿನ ಪದರ ಯಾವುದು ಅಂತ ತಲೆ ಕೆಡಿಸಿಕೊಂಡ ಹವ್ಯಾಸಿಗಳು ಕಡಿಮೆ.

ಅಳಿಯ: ಹಾಗಾದ್ರೆ ಟ್ವೀಟರಿಗೆ ಪಾಲಿಪ್ರೊಪಿಲೀನ್ ಅನ್ನೋದು ಬರೀ ಶೋಕಿ ಅಲ್ಲ.

ಮಾವ: ಅಲ್ಲವೇ ಅಲ್ಲ. ಆ ಜಾಗಕ್ಕೆ ಅದಕ್ಕಿಂತ ಒಳ್ಳೇ ಸಾಮಾನು ಬೇಕಾಗಿಲ್ಲ. ಆದ್ರೆ ಪಾಲಿಪ್ರೊಪಿಲೀನಿನಿಂದ ಬೆಳ್ಳಿ-ಬಂಗಾರಕ್ಕೆ ಹೋಗೋದು ಬೇರೆ ಸಂಗತಿ. 0.007 ಓಮನ್ನ ಇನ್ನೂ ಇಳಿಸಿ ಏನು ಮಾಡ್ತೀಯ? ನಿನ್ನ ಟ್ವೀಟರಿನ ತಂತಿಯೇ ಅದಕ್ಕಿಂತ ಹೆಚ್ಚು ಓಮ್ ಇರುತ್ತೆ. ಟ್ವೀಟರಿನ ವಿರೂಪವೂ ಒಳ್ಳೇ ಪಾಲಿಪ್ರೊಪಿಲೀನಿನದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಅಳಿಯ: ಇನ್ನೊಂದು ಉಪಾಯ ಹೇಳ್ತಾರೆ. ಎಲೆಕ್ಟ್ರೋಲಿಟಿಕ್ ಹಾಗೇ ಬಿಟ್ಟು ಅದರ ಮೇಲೆ 0.1 ಮೈಕ್ರೋಫ್ಯಾರಡಿನ ಒಳ್ಳೇ ಫಿಲ್ಮ್ ಸಮಾಂತರವಾಗಿ ಹಾಕೋದು. ಮೇಲಿನ ಸ್ವರಗಳು ಅದರ ಮೂಲಕ ಹೋಗುತ್ತವಂತೆ.

ಮಾವ: ನೀನೇ ಲೆಕ್ಕ ಹಾಕಿ ನೋಡು. 10,000 ಹರ್ಟ್ಸ್ ತಗೊ.

ಅಳಿಯ: 0.1ಕ್ಕೆ... 159 ಓಮ್. 6.8ಕ್ಕೆ 2.3 ಓಮ್. ಓಹ್! ನೂರರಲ್ಲಿ ಒಂದೂವರೆ ಪಾಲು ಮಾತ್ರ ಚಿಕ್ಕದರ ಮೂಲಕ ಹೋಗುತ್ತೆ. ಉಳಿದದ್ದೆಲ್ಲ ಹಳೇ ದಾರಿಯಲ್ಲೇ.

ಮಾವ: ಹಾಗೆ ಮಾಡಿದ್ರೆ ನಷ್ಟ ಏನಿಲ್ಲ, ಲಾಭವೂ ಇಲ್ಲ. ಆ ದುಡ್ಡಿಗೆ 6.8ನ್ನೇ ಪೂರ್ತಿ ಫಿಲ್ಮ್ ಮಾಡಿಕೊ.

ಅಳಿಯ: ಸರಿ, ಈಗ ವೂಫರಿನ 15. ಅಲ್ಲಿಗೂ ಪಾಲಿಪ್ರೊಪಿಲೀನೇ ಬೇಕಾ? ಅದರ ಗಾತ್ರ ನೋಡಿದ್ರೆ ಬೋರ್ಡಿನ ಮೇಲೆ ಕೂರೋದೇ ಕಷ್ಟ.

ಮಾವ: ಆ ಕೆಪಾಸಿಟರ್ ಕೆಲಸ ಮೇಲಿನ ಸ್ವರಗಳನ್ನ ವೂಫರಿಗೆ ಹೋಗದ ಹಾಗೆ ನೆಲಕ್ಕೆ ಇಳಿಸೋದು. ನೀನು ಕೇಳೋ ಸಂಗೀತ ಅದರ ಮೂಲಕ ಹಾಯೋದಿಲ್ಲ, ಬೇಡದ್ದು ಹಾಯುತ್ತೆ. 3000 ಹರ್ಟ್ಸಿನಲ್ಲಿ ಅದಕ್ಕೆ 3.5 ಓಮ್ ಪ್ರತಿರೋಧ. ಜೊತೆಗೆ ಅರ್ಧ ಓಮ್ ನಷ್ಟ ಸೇರಿದ್ರೂ ಒಟ್ಟು ಬದಲಾಗೋದು ಒಂದು ಪರ್ಸೆಂಟು. ಅವೆರಡೂ ನೇರವಾಗಿ ಕೂಡೋದಿಲ್ಲ, ಲಂಬಕೋನದಲ್ಲಿ ಕೂಡುತ್ತವೆ. 10,000 ಹರ್ಟ್ಸಿನಲ್ಲಿ ಒಂದಿಷ್ಟು ವ್ಯತ್ಯಾಸ ಕಾಣಬಹುದು, ಆದ್ರೆ ಅಷ್ಟು ಹೊತ್ತಿಗೆ ವೂಫರ್ ಪೂರ್ತಿ ತಗ್ಗಿಹೋಗಿರುತ್ತೆ. ಅಲ್ಲಿಗೆ ಪಾಲಿಯೆಸ್ಟರ್ ಸಾಕು. ಜಾಗ ಇಲ್ಲದಿದ್ರೆ ಹೊಸ ನಾನ್ ಪೋಲಾರ್ ಎಲೆಕ್ಟ್ರೋಲಿಟಿಕ್ಕೂ ಆಗುತ್ತೆ, ಅಳತೆ ಮಾತ್ರ ಸರಿ ಇರಲಿ. ಅದು ತಪ್ಪಿದ್ರೆ ವೂಫರಿನ ಗಡಿಯೇ ಜರುಗಿ ಟ್ವೀಟರಿನ ಲೆಕ್ಕ ಹಾಳಾಗುತ್ತೆ.

ಅಳಿಯ: ಮೂರನೇದು, ರೆಸಿಸ್ಟರಿನ ಜೊತೆ ಇರೋದು?

ಮಾವ: ಅದಕ್ಕೆ ಝೋಬೆಲ್ ಅಂತಾರೆ. ವೂಫರಿನ ಕಾಯಿಲಿಂದಾಗಿ ಮೇಲಕ್ಕೆ ಹೋದ ಹಾಗೆ ಅದರ ಓಮ್ ಏರ್ತಾ ಹೋಗುತ್ತೆ. ಈ ಜೋಡಿ ಅದನ್ನ ಹದಕ್ಕೆ ತರುತ್ತೆ. ಅಲ್ಲಿ ಈಗಾಗಲೇ 8.2 ಓಮ್ ರೆಸಿಸ್ಟರ್ ಸರಣಿಯಲ್ಲಿದೆ. ಕೆಪಾಸಿಟರಿಗೆ ತನ್ನದೇ ಅರ್ಧ ಓಮ್ ಇದ್ರೆ ಯಾರಿಗೇನು? 8.2 ಬದಲು 8.7 ಆಯ್ತು. ಅಲ್ಲಿಗೆ ಹೊಸ ಎಲೆಕ್ಟ್ರೋಲಿಟಿಕ್ ಹಾಕಿ ಮರೆತುಬಿಡು. ಅಲ್ಲಿ ಸಾವಿರದ ಕೆಪಾಸಿಟರ್ ಕೂರಿಸೋದು ಅಂದ್ರೆ ದುಡ್ಡನ್ನ ರೆಸಿಸ್ಟರಿನ ಹಿಂದೆ ಬಚ್ಚಿಟ್ಟ ಹಾಗೆ.

ಅಳಿಯ: ವೋಲ್ಟೇಜ್ ಎಷ್ಟಿರಬೇಕು?

ಮಾವ: ನಿನ್ನ ಆಂಪ್ಲಿಫೈಯರಿಗೆ ತುದಿ 40 ವೋಲ್ಟ್ ಅಂದ್ಕೊಂಡ್ರೆ 100 ವೋಲ್ಟಿಂದು ಧಾರಾಳ. ಫಿಲ್ಮಿನಲ್ಲಿ 250 ವೋಲ್ಟಿಂದು ಸಲೀಸಾಗಿ ಸಿಗುತ್ತೆ, ಅದನ್ನೇ ತಗೊ. 630 ಅಂತ ಬರೆದಿದ್ದು ತಂದ್ರೆ ದನಿ ಹೆಚ್ಚು ಚೆಂದ ಆಗಲ್ಲ, ಪೆಟ್ಟಿಗೆಯಲ್ಲಿ ಜಾಗ ಕಡಿಮೆ ಆಗುತ್ತೆ. ಅಗ್ಗದ ಸೆರಾಮಿಕ್ ಮಾತ್ರ ಮುಟ್ಟಬೇಡ. ಎಕ್ಸ್7ಆರ್ ತರಹದವು ವೋಲ್ಟೇಜ್ ಏರಿದ್ರೆ ಅಳತೆಯನ್ನೇ ಕಳ್ಕೊಳ್ತವೆ, ಮೇಲಾಗಿ ಅಲುಗಾಡಿದ್ರೆ ವೋಲ್ಟೇಜ್ ಹುಟ್ಟಿಸ್ತವೆ. ದೊಡ್ಡ ಫಿಲ್ಮ್ ಕೆಪಾಸಿಟರನ್ನ ಬರೀ ಕಾಲುಗಳ ಮೇಲೆ ನಿಲ್ಲಿಸಬೇಡ. ಪೆಟ್ಟಿಗೆ ಒಳಗೆ ಬಾಸಿನ ಅದುರಾಟ ಕಡಿಮೆಯದ್ದಲ್ಲ. ಒಂದು ಟೈ ಬಿಗಿದು, ಹಾಟ್ ಗ್ಲೂ ಹಾಕಿ ಹಿಡಿಸು, ಇಲ್ಲಾಂದ್ರೆ ಸಾಲ್ಡರ್ ಬಿರುಕು ಬಿಡುತ್ತೆ.

ಅಳಿಯ: ಆಮೇಲೆ ಇನ್ನೂರು ಗಂಟೆ ಓಡಿಸಬೇಕಂತೆ, ಆಗ ಕೆಪಾಸಿಟರ್ ‘ಪಳಗುತ್ತೆ’ ಅಂತೆ.

ಮಾವ: ಇನ್ನೂರು ಗಂಟೆಯಲ್ಲಿ ಪಳಗೋದು ಕಿವಿ. ಹಾಕಿದ ದಿನವೂ ಇನ್ನೂರು ಗಂಟೆ ಆದ ಮೇಲೂ ಫಿಲ್ಮ್ ಕೆಪಾಸಿಟರನ್ನ ಮೀಟರಿಗೆ ಹಚ್ಚು, ಅದೇ ಅಳತೆ ಬರುತ್ತೆ.

ಅಳಿಯ: ಆದ್ರೂ ಮಾವ, ನಿಮ್ಮ ಮಾತನ್ನೆಲ್ಲ ಕೇಳಿದ ಮೇಲೂ ಆ ಬೆಳ್ಳಿ-ಬಂಗಾರದ್ದು ಒಂದು ಜೋಡಿ ತರಿಸಿ ಕೇಳಬೇಕು ಅನ್ನಿಸ್ತಿದೆ. ನೀವು ಲೆಕ್ಕ ತೋರಿಸ್ತೀರಿ, ಕೇಳಿದವರು ಅನುಭವ ಹೇಳ್ತಾರೆ. ಅವರೆಲ್ಲ ಸುಳ್ಳು ಹೇಳ್ತಾರಾ?

ಮಾವ: ಸುಳ್ಳು ಹೇಳ್ತಾರೆ ಅಂತ ನಾನು ಎಲ್ಲಿ ಅಂದೆ? ಅವರಿಗೆ ಕೇಳಿರುತ್ತೆ. ಯಾಕೆ ಕೇಳ್ತು ಅನ್ನೋದೇ ಪ್ರಶ್ನೆ. ಹಳೇದು ಒಣಗಿತ್ತಾ, ಹೊಸದರ ಅಳತೆ ಎಂಟು ಪರ್ಸೆಂಟ್ ಹೆಚ್ಚಿತ್ತಾ, ಬಿಚ್ಚಿ ಜೋಡಿಸೋದರಲ್ಲಿ ಅರ್ಧ ದಿನ ಕಳೆದು ಹಳೇ ದನಿ ಮರೆತುಹೋಯ್ತಾ? ನೀನು ತರಿಸೋದಾದ್ರೆ ತರಿಸು. ನನ್ನ ಷರತ್ತು ಮೂರೇ. ಎರಡೂ ಬಗೆ ಮೀಟರಿನಲ್ಲಿ ಒಂದೇ ಅಳತೆ ತೋರಿಸಬೇಕು. ಕೇಳೋ ಮಟ್ಟ 0.1 ಡೆಸಿಬೆಲ್ ಒಳಗೆ ಸಮ ಇರಬೇಕು. ಸ್ವಿಚ್ ನಿನ್ನ ಕೈಯಲ್ಲಿ ಇರಬಾರದು, ಬೇರೆಯವರ ಕೈಯಲ್ಲಿ ಇರಬೇಕು, ಈಗ ಯಾವುದು ಓಡ್ತಿದೆ ಅಂತ ನಿನಗೆ ಕಾಣಬಾರದು. ಹಾಗೆ ಕೇಳಿ ನೀನು ಪ್ರತಿ ಸಲ ಸರಿಯಾಗಿ ಹೇಳಿದ್ರೆ ನನ್ನ ಲೆಕ್ಕವನ್ನ ನಾನೇ ತಿದ್ದಿಕೊಳ್ತೀನಿ.

ಅಳಿಯ: 0.1 ಡೆಸಿಬೆಲ್ ನೋಡೋದಕ್ಕೆ ನಂಗೆ ಅಳೆಯೋ ಮೈಕೇ ಬೇಕಲ್ಲ.

ಮಾವ: ಬೇಕು. ಅದು ಇದ್ರೆ ಟ್ವೀಟರ್ ಅರ್ಧ ಡೆಸಿಬೆಲ್ ಎದ್ದಿದೆಯಾ ಇಲ್ಲವಾ ಅನ್ನೋದೂ ಪರದೆಯ ಮೇಲೆ ಕಾಣುತ್ತೆ.

ಅಳಿಯ: ಹಾಗಾದ್ರೆ ಬಂಗಾರ ಕಾಯಲಿ. ಆ ದುಡ್ಡಿಗೆ ಮೈಕ್ ತಗೊಳ್ತೀನಿ. ಪಟ್ಟಿ ಬರ್ಕೊಳ್ಳಲಾ? ಪೆಟ್ಟಿಗೆಗೆ ಒಂದರಂತೆ 6.8 ಪಾಲಿಪ್ರೊಪಿಲೀನ್, 250 ವೋಲ್ಟು, ಐದು ಪರ್ಸೆಂಟು. ಅರ್ಧ ಓಮಿನ ರೆಸಿಸ್ಟರ್. 15 ಪಾಲಿಯೆಸ್ಟರ್. 10 ನಾನ್ ಪೋಲಾರ್.

ಮಾವ: 6.8 ಮಾತ್ರ ಎಂಟು ತಗೊಂಡು ಬಾ. ಅಳೆದು ಜೋಡಿ ಮಾಡೋಣ.

ಅಳಿಯ: ಎರಡು ಹಾಕಿದ ಮೇಲೆ ಉಳಿದ ಆರು ಏನು ಮಾಡೋದು?

ಮಾವ: ಈ ಹುಚ್ಚು ಹಿಡಿದವನು ಒಂದೇ ಜೋಡಿ ಪೆಟ್ಟಿಗೆಗೆ ನಿಲ್ಲಿಸಿದ್ದನ್ನ ನಾನಂತೂ ಕಂಡಿಲ್ಲ. ಇಟ್ಕೊ, ಕೆಲಸಕ್ಕೆ ಬರುತ್ತೆ.